ಬೆಳ್ಳಕ್ಕಿ ದಿಕ್ಕು ತಪ್ಪಿದ ಬಗೆ — ಏಳನೆಯ ಕಂತು

ಕಬ್ಬಿಣದ ಕಡಗ ಹತ್ತಿರ ಬಂದದ್ದೇ ತಡ, ಐವತ್ತು ವರ್ಷದಿಂದ ಸುಳ್ಳು ಹೇಳುತ್ತಿದ್ದ ಕಂಪಾಸು ಒಮ್ಮೆ ನಡುಗಿತು.

ಪತ್ತೇದಾರ ಮಾಯಣ್ಣ ಉಸಿರು ಬಿಗಿಹಿಡಿದ. ಮಾಯಣ್ಣನ ಉಸಿರೆಂದರೆ ಸಾಮಾನ್ಯದ್ದಲ್ಲ. ಗಾಂಧಿ ಬಜಾರಿನ ಕಾಫಿಪುಡಿ ಅಂಗಡಿಯ ಮಹಡಿಯಲ್ಲಿ ಕೂತು ಅವನೊಂದು ನಿಟ್ಟುಸಿರು ಬಿಟ್ಟರೆ ಕೆಳಗೆ ಸಾಲುಗಟ್ಟಿದ ಬುಟ್ಟಿಗಳಲ್ಲಿ ಸೇವಂತಿಗೆ ಬಾಡಿಹೋಗುತ್ತದೆ, ಹೂವಿನವರು ಮೇಲೆ ನೋಡಿ ಬೈಯುತ್ತಾರೆ. ಅಂಥ ಉಸಿರನ್ನು ಅವನೀಗ ರಾಮಾನುಜನ ವಿಮಾನದ ಇಕ್ಕಟ್ಟಾದ ಸೀಟಿನಲ್ಲಿ, ಮೊಣಕಾಲು ಗದ್ದಕ್ಕೆ ತಗಲುವಂತೆ ಮುದುಡಿಕೊಂಡು, ಎದೆಯೊಳಗೇ ಕಟ್ಟಿಟ್ಟುಕೊಂಡಿದ್ದ.

ಗುಂಡುಗಾಜಿನೊಳಗೆ ತೇಲುತ್ತಿದ್ದ ಬಿಲ್ಲೆ, ನಿದ್ದೆಯಲ್ಲಿ ಮಗ್ಗುಲು ಬದಲಿಸುವ ಮುದುಕನ ಹಾಗೆ ನಿಧಾನವಾಗಿ ಹೊರಳಿತು. ಹೊರಳಿ, ಗಾಜಿನ ಮೇಲಿನ ಗೀಟಿಗೆ ನೇರವಾಗಿ ಪಡುವಣದ ಗುರುತನ್ನು ತಂದು ನಿಲ್ಲಿಸಿತು.

ಮಾಯಣ್ಣ ಕಡಗವನ್ನು ಹಿಂದಕ್ಕೆ ತೆಗೆದ. ಬಿಲ್ಲೆ ಮತ್ತೆ ಬೆರಳಗಲ ಪಕ್ಕಕ್ಕೆ ಜಾರಿತು. ಹತ್ತಿರ ಹಿಡಿದ. ಸರಿಹೋಯಿತು. ತೆಗೆದ. ತಪ್ಪಿತು.

ವಿಮಾನದ ಮೂತಿ ಇದ್ದದ್ದು ಪಡುವಣಕ್ಕೇ. ಅದನ್ನು ಅವನು ಆಗಲೇ ಬಸವನಗುಡಿಯ ರಾಮಾನುಜನ ಮನೆಯಂಗಳದ ಶೆಡ್ಡಿನ ಆಚೆ ನಿಂತು ಮೊಬೈಲಿನಲ್ಲಿ ನೋಡಿಕೊಂಡಿದ್ದ. ರಾಮಾನುಜ ಹೋದ ದಿಕ್ಕಿಗೇ ಮುಖ ಮಾಡಿ ನಿಲ್ಲಿಸಬೇಕೆಂದು ಅವನ ಹೆಂಡತಿ ಗೋದಾ ಹಟ ಹಿಡಿದಿದ್ದರಂತೆ. ಅದೊಂದು ಹಟ ಇಲ್ಲದಿದ್ದರೆ ಇವತ್ತಿನ ಈ ಸತ್ಯ ಯಾವ ಸರ್ವಜ್ಞನಿಗೂ ಸಿಕ್ಕುತ್ತಿರಲಿಲ್ಲ.

ರಾಮಾನುಜ ಯಾರೆಂದು ಬಸವನಗುಡಿಯಲ್ಲಿ ಕೇಳಿದರೆ, ಕೇಳಿದವನನ್ನು ಊರು ಬಿಡಿಸುತ್ತಾರೆ. ಒಂದೇ ಇಂಜಿನಿನ, ಬಟ್ಟೆ ಹೊದಿಸಿದ ರೆಕ್ಕೆಯ ಈ ಬಿಳಿ ವಿಮಾನಕ್ಕೆ ಬೆಳ್ಳಕ್ಕಿ ಎಂದು ಹೆಸರಿಟ್ಟು, ಒಬ್ಬನೇ ಕೂತು ಅರಬ್ಬೀ ಸಮುದ್ರವನ್ನು ದಾಟಿದವನು ಅವನು. ಜೊತೆಗೆ ರೇಡಿಯೋ ಇರಲಿಲ್ಲ. ರೇಡಿಯೋದ ಭಾರಕ್ಕೆ ಬದಲಾಗಿ ಪೆಟ್ರೋಲು ತುಂಬಿಸಿಕೊಂಡಿದ್ದ. ಅವನು ಗೆದ್ದು ಬಂದ ವಾರ ಬೆಂಗಳೂರಿನಲ್ಲಿ ಹುಟ್ಟಿದ ಗಂಡುಮಕ್ಕಳಿಗೆಲ್ಲ ಅವನದೇ ಹೆಸರು. ಹೆಣ್ಣುಮಕ್ಕಳಿಗೂ ಅದನ್ನೇ ಇಡಹೋದ ಅಪ್ಪಂದಿರನ್ನು ಅಜ್ಜಿಯರು ಕೋಲು ಹಿಡಿದು ತಡೆದರಂತೆ. ಮಾರನೆಯ ವರ್ಷ ಅದೇ ದಾರಿಯಲ್ಲಿ ಮತ್ತೆ ಹೊರಟ. ಬೆಳ್ಳಕ್ಕಿ ಲಕ್ಷದ್ವೀಪದ ಕಡೆಯ ಜನವಿಲ್ಲದ ಒಂದು ಮರಳುದಿಣ್ಣೆಯ ಮೇಲೆ ಸಿಕ್ಕಿತು. ರೆಕ್ಕೆಯ ಮೇಲೆ ಒಂದು ಗೀರೂ ಇರಲಿಲ್ಲ. ಟ್ಯಾಂಕು ಖಾಲಿ, ನೀರಿನ ಡಬ್ಬಿ ಖಾಲಿ, ಸೀಟೂ ಖಾಲಿ.

ಕಂಪಾಸು ತಪ್ಪು ತೋರಿಸುತ್ತಿತ್ತು. ಅದನ್ನು ಹೊಂದಿಸಿದವನು ಮಾವಳ್ಳಿಯ ಮೆಕ್ಯಾನಿಕ್ ಆಂಜಿನಯ್ಯ. ವಿಚಾರಣೆ ಅಷ್ಟಕ್ಕೇ ಮುಗಿಯಿತು.

ಶೆಡ್ಡಿನ ಬಾಗಿಲಲ್ಲಿ ಆಂಜಿನಯ್ಯನ ಮಗಳು ಯಶೋಧರಾ ನಿಂತಿದ್ದಳು. ತಾಲ್ಲೂಕು ಕಚೇರಿಯಲ್ಲಿ ದೊಡ್ಡ ಹುದ್ದೆಯವಳು. ಅವಳು ಕನ್ನಡಕ ಸರಿಮಾಡಿಕೊಂಡರೆ ಸಾಕು, ಸರ್ವೆಯವರು ತಾವೇ ಜಮೀನು ಅಳೆದುಬಿಡುತ್ತಾರೆ. ಆದರೆ ಅವಳು ಒಳಗೆ ಕಾಲಿಟ್ಟಿರಲಿಲ್ಲ. ವಿಮಾನದ ಕೆಳಗೆ ತೂಗುಹಾಕಿದ್ದ ಬೋರ್ಡು ಹೋಗುವವರೆಗೂ ಇಡುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದಳು. ‘ಯಂತ್ರಪಾಲಕನ ಅಜಾಗರೂಕತೆಯಿಂದ’ ಎಂದು ಆ ಬೋರ್ಡಿನಲ್ಲಿತ್ತು. ಈ ಭಾನುವಾರ ಬೆಳ್ಳಕ್ಕಿ ಚಾಮರಾಜಪೇಟೆಯ ಹೊಸ ಸ್ಮಾರಕ ಭವನಕ್ಕೆ ಹೋಗುತ್ತದೆ, ಅಲ್ಲಿ ಅದೇ ಮಾತು ಕಲ್ಲಿನಲ್ಲಿ ನಿಲ್ಲುತ್ತದೆ. ಕಲ್ಲು ಆಗಲೇ ಬಂದು ಕಾಂಪೌಂಡಿಗೆ ಒರಗಿತ್ತು. ಕೊರೆದ ಅಕ್ಷರಗಳಿಗೆ ಕಪ್ಪು ತುಂಬುವುದೊಂದೇ ಬಾಕಿ.

ಮಾವಳ್ಳಿಯ ಮನೆಯಲ್ಲಿ ಆಂಜಿನಯ್ಯ ಆಮ್ಲಜನಕದ ನಳಿಗೆ ಮೂಗಿಗೆ ಸಿಕ್ಕಿಸಿಕೊಂಡು ಮಲಗಿದ್ದ. ಕಲ್ಲು ನಿಲ್ಲುವ ಮೊದಲು ಆ ಮಾತು ಅಳಿಸಬೇಕು, ಅಪ್ಪ ಹೋಗುವ ಮೊದಲು ಅಳಿಸಬೇಕು. ಯಶೋಧರಾ ಮಾಯಣ್ಣನನ್ನು ಹುಡುಕಿಕೊಂಡು ಬಂದದ್ದು ಅದಕ್ಕೇ.

“ಏನಾದ್ರೂ ಸಿಕ್ತಾ ಸಾರ್?” ಎಂದಳು.

“ಈ ಕಡಗದ ಜೋಡಿ ಎಲ್ಲಿದೆ ಅಂದ್ರು ನಿಮ್ಮಪ್ಪ?”

“ವಿಮಾನದಲ್ಲಿ ಅಂದ್ರು. ಸ್ಕ್ಯಾನಿಂಗ್‌ಗೆ ಹೋದಾಗ ಆಸ್ಪತ್ರೆಯವರು ಕಡಗ ಬಿಚ್ಚಿಸಿದ್ರಲ್ಲ, ಅವತ್ತೇ ಮೊದಲನೇ ಸಲ ಬಾಯಿಬಿಟ್ಟಿದ್ದು. ನಮ್ಮಜ್ಜಿ ಅಂಜಮ್ಮ ಎರಡು ಮಾಡಿಸಿದ್ರಂತೆ. ಒಂದು ಮಗನಿಗೆ, ಇನ್ನೊಂದು ಮಗನ ಸಾಹೇಬ್ರಿಗೆ. ಸಮುದ್ರದ ಮೇಲೆ ದೃಷ್ಟಿ ತಾಗಬಾರದು ಅಂತ.”

ಮಾಯಣ್ಣ ಮೊಬೈಲಿನ ದೀಪ ಹಾಕಿ ಮೀಟರುಗಳ ಹಲಗೆಯ ಹಿಂಬದಿಗೆ ಕಣ್ಣು ಹಾಯಿಸಿದ. ಆ ಕಣ್ಣು ಎಂಥದ್ದೆಂದರೆ, ಮದುವೆಗೆ ಬಂದ ಗಂಡಿನ ಫೋಟೋ ನೋಡಿ ಅವನ ಸಿಗರೇಟಿನ ಬ್ರಾಂಡು ಹೇಳಬಲ್ಲದು. ಈ ಕಡೆಯ ಅರ್ಧ ಮದುವೆಗಳು ನಿಂತದ್ದು ಆ ಕಣ್ಣಿನಿಂದಲೇ. ಕಂಪಾಸಿನ ಬುಡದಲ್ಲಿ, ಸಣ್ಣದೊಂದು ಸಂದಿನೊಳಗೆ, ಲೋಹದ ಮೇಲೆ ದುಂಡಗೆ ಕೂತ ತುಕ್ಕಿನ ಬಳೆಗುರುತೊಂದು ಕಾಣಿಸಿತು. ಕಡಗ ಅಲ್ಲಿತ್ತು. ಈಗಿಲ್ಲ. ಅದರ ಜಾಗದಲ್ಲಿ ಕೊಳೆತ ರೇಷ್ಮೆ ದಾರದ ಗಂಟೊಂದು ಅಂಟಿಕೊಂಡಿತ್ತು.

ಅವನು ಕೆಳಗಿಳಿದು ಬಂದ. ಬೆನ್ನು ನೆಟ್ಟಗಾಗುವಾಗ ಲಟಲಟನೆ ಸದ್ದಾಗಿ ತೆಂಗಿನಮರದ ಅಳಿಲು ಓಡಿತು.

ಯಶೋಧರಾಳಿಗೆ ಅವನು ಬಿಡಿಸಿ ಹೇಳಿದ. ಇಡೀ ವಾರ ಯೂಟ್ಯೂಬ್ ನೋಡಿ, ತಾನೇ ಒಂದು ವಿಮಾನ ಕಟ್ಟಬಲ್ಲೆ ಎಂಬಷ್ಟು ಕಲಿತುಬಿಟ್ಟಿದ್ದ. ವಿಮಾನದಲ್ಲಿ ಕಬ್ಬಿಣ ಎಲ್ಲಿದ್ದರೂ ಅದು ಕಂಪಾಸನ್ನು ತನ್ನ ಕಡೆಗೆ ಸೆಳೆಯುತ್ತದೆ. ಹಾಗಾಗಿ ಮೆಕ್ಯಾನಿಕ್ಕು ವಿಮಾನವನ್ನು ನೆಲದ ಮೇಲೇ ಎಲ್ಲ ದಿಕ್ಕಿಗೂ ತಿರುಗಿಸಿ ನಿಲ್ಲಿಸುತ್ತಾನೆ. ಕಂಪಾಸಿನೊಳಗಿನ ಪುಟ್ಟ ಅಯಸ್ಕಾಂತಗಳನ್ನು ತಿರುವಿ ಆ ಸೆಳೆತವನ್ನು ಸರಿತೂಗಿಸುತ್ತಾನೆ. ಆಂಜಿನಯ್ಯ ತೂಗಿಸಿದ್ದು ಕಡಗ ಒಳಗಿದ್ದಾಗ. ಅದು ಇರುವವರೆಗೂ ಕಂಪಾಸು ಸರಿ. ಮೊದಲನೆಯ ಸಲ ಸಮುದ್ರ ದಾಟಿಸಿದ್ದೂ ಅದೇ. ಆಮೇಲೆ ಯಾರೋ ಕಡಗ ಕಿತ್ತರು. ತೂಗುವುದಕ್ಕೆ ಏನೂ ಇಲ್ಲದ ಅಯಸ್ಕಾಂತಗಳು ಬಿಲ್ಲೆಯನ್ನು ಪಕ್ಕಕ್ಕೆ ಎಳೆದವು.

ಯಶೋಧರಾ ಹೊಸ್ತಿಲ ಆಚೆ ನಿಂತೇ ಮೊಬೈಲು ತೆಗೆದಳು.

“ಅಪ್ಪನಿಗೆ ಫೋನ್ ಮಾಡ್ಲಾ?”

ಈಗಲೇ ಬೇಡ ಎಂದ ಮಾಯಣ್ಣ. ಏನಾಯಿತು ಎನ್ನುವುದು ಸಿಕ್ಕಿದೆ, ಯಾರು ಎನ್ನುವುದು ಸಿಕ್ಕಿಲ್ಲ. ಯಾರು ಎನ್ನುವುದಿಲ್ಲದೆ ಹೋದರೆ, ಕಡಗವನ್ನೂ ಆಂಜಿನಯ್ಯನೇ ಕಿತ್ತ ಎನ್ನಲು ಈ ಮನೆಯವರಿಗೆ ಎಷ್ಟು ಹೊತ್ತು?

ಅವಳು ಕಣ್ಣೊರೆಸಿಕೊಂಡು, ಅಪ್ಪ ವಿಚಾರಣೆಯಲ್ಲಿ ಒಂದೇ ಮಾತು ಆಡಿದ್ದರೆಂದಳು. ‘ಕಂಪಾಸು ಹೊಂದಿಸಿದ್ದು ನಾನೇ ಸ್ವಾಮಿ.’ ಅದಾದ ಮೇಲೆ ಯಾರೂ ಅವರ ಕೈಗೆ ಇಂಜಿನ್ನು ಕೊಡಲಿಲ್ಲ. ತರಗುಪೇಟೆಯ ಗಿರಣಿಗಳ ಬೆಲ್ಟು, ಬೀದಿಯವರ ಮಿಕ್ಸಿ, ಬೋರ್‌ವೆಲ್ಲಿನ ಮೋಟಾರು, ಇವೇ ಜನ್ಮವಿಡೀ. ಆಕಾಶದಲ್ಲಿ ಸದ್ದಾದರೆ ಕೆಲಸ ನಿಲ್ಲಿಸಿ ನೆಲ ನೋಡುತ್ತಾ ಕೂತಿರುತ್ತಿದ್ದರಂತೆ.

ಇಬ್ಬರೂ ಶೆಡ್ಡಿನಿಂದ ರಾಮಾನುಜನ ಮನೆಗೆ ನಡೆದರು. ಆ ಮನೆಯ ಹಜಾರ ವಿಮಾನ ಇಳಿಸುವಷ್ಟು ದೊಡ್ಡದು. ಅದರ ನಡುವೆ ರಾಮಾನುಜನ ತಮ್ಮ ತಿರುನಾರಾಯಣ ಕೂತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಗರಿ ಮುರಿಯದ ಪಂಚೆ, ಉಕ್ಕಿನ ಸಲಾಕೆಯಂಥ ಬೆನ್ನು. ಅಣ್ಣನ ಹೆಸರಿನ ಟ್ರಸ್ಟು ಕಟ್ಟಿದವರು, ಕಲ್ಲಿನ ಮೇಲಿನ ಆ ಮಾತು ಬರೆದವರು. ಅಣ್ಣ ಬದುಕಿದ್ದಾಗ ಅವನ ನೆರಳಿನಲ್ಲಿ ಬಿಳಿಚಿಕೊಂಡಿದ್ದವರು, ಅವನು ಸತ್ತ ಮೇಲೆ ಅವನ ಹೆಸರಲ್ಲೇ ಮರವಾದವರು. ಮಾಯಣ್ಣ ಅನುಮಾನದ ಬೆರಳನ್ನು ಕಳೆದ ಮೂರು ವಾರದಿಂದ ಅವರ ಕಡೆಗೇ ತಿರುಗಿಸಿ ಇಟ್ಟುಕೊಂಡಿದ್ದ.

ಪಕ್ಕದಲ್ಲಿ ಗೋದಾ. ರಾಮಾನುಜನೊಡನೆ ಬಾಳಿ ಎರಡು ವರ್ಷವೂ ತುಂಬಿರಲಿಲ್ಲ, ಅಷ್ಟರಲ್ಲಿ ಅವನು ಹೋಗಿದ್ದ. ತೆಳ್ಳಗಿನ ಹೆಂಗಸು, ತೊಡೆಯ ಮೇಲೆ ಬೋಗುಣಿ ಇಟ್ಟುಕೊಂಡು ನೆನೆಸಿದ ಅವರೆಕಾಳು ಹಿದುಕುತ್ತಿದ್ದರು. ಕಾಳು ಸಿಪ್ಪೆಯಿಂದ ಚಿಮ್ಮಿ ಬೋಗುಣಿಗೆ ಬೀಳುವ ಸದ್ದು ಬಿಟ್ಟರೆ ಹಜಾರದಲ್ಲಿ ಬೇರೆ ಸದ್ದಿರಲಿಲ್ಲ.

ಯಶೋಧರಾ ಬಾಗಿಲಲ್ಲೇ ನಿಂತಳು. ಒಳಗೆ ಬನ್ನಿ ಎಂದು ತಿರುನಾರಾಯಣ ಹೇಳಲಿಲ್ಲ, ಅವಳು ಅದನ್ನು ನಿರೀಕ್ಷಿಸಲೂ ಇಲ್ಲ.

ಮಾಯಣ್ಣ ಪೀಠಿಕೆ ಹಾಕಲಿಲ್ಲ. ಜೇಬಿನಿಂದ ಕಡಗ ತೆಗೆದು ಟೀಪಾಯಿಯ ಮೇಲೆ ಇಟ್ಟ. ಕಬ್ಬಿಣ ಗಾಜಿಗೆ ತಾಗಿ ಟಣ್ಣೆಂದಿತು.

ತಿರುನಾರಾಯಣರ ಮುಖ, ಅಂಗಡಿಯ ಶಟರು ಎಳೆದ ಹಾಗೆ ಮುಚ್ಚಿಹೋಯಿತು. ಆದರೆ ಮಾತು ಬಂದದ್ದು ಅವರಿಂದಲ್ಲ.

“ಇದು ಬಾವೀಲಿತ್ತಲ್ಲ,” ಎಂದರು ಗೋದಾ, ಬೆರಳು ನಿಲ್ಲಿಸದೆ. “ಯಾರು ತೆಗೆದ್ರು?”

ಮಾಯಣ್ಣನ ಜೀವಮಾನದಲ್ಲಿ ಎಷ್ಟೋ ಜನ ಬಾಯಿತಪ್ಪಿ ಸಿಕ್ಕಿಬಿದ್ದಿದ್ದರು. ಅವರು ಸಿಕ್ಕಿಬಿದ್ದಾಗಲೆಲ್ಲ ಅವನ ಎಡಮೀಸೆ ತನ್ನಷ್ಟಕ್ಕೆ ಕುಣಿಯುತ್ತಿತ್ತು. ಇವತ್ತು ಅದು ಅಲುಗಲಿಲ್ಲ. ಈ ಹೆಂಗಸಿನ ಮುಖದಲ್ಲಿ ಮುಚ್ಚಿಡುವುದೇನೂ ಇರಲಿಲ್ಲ. ಕಳೆದ ಚಮಚ ಸಿಕ್ಕಿದಾಗ ಕೇಳುವಂತೆ ಕೇಳಿದ್ದರು, ಅಷ್ಟೇ.

“ಮನ್ನಿ, ನೀವು ಒಳಗೆ ನಡೀರಿ,” ಎಂದರು ತಿರುನಾರಾಯಣ. ಅತ್ತಿಗೆಯನ್ನು ಮನ್ನಿ ಎನ್ನುವುದು ಆ ಮನೆಯ ವಾಡಿಕೆ.

“ಯಾಕೆ ನಾಣಿ? ಬಾವಿ ಮುಚ್ಚಿ ಅದರ ಮೇಲೆ ಕಾರು ನಿಲ್ಲಿಸ್ತಾ ಇದೀಯ. ಅದಕ್ಕೇ ಕೇಳ್ದೆ.”

ಇದು ಆ ಕಡಗ ಅಲ್ಲ, ಅದರ ಜೋಡಿ, ಆಂಜಿನಯ್ಯನ ಕೈಯದು ಎಂದು ಮಾಯಣ್ಣ ಮೆಲ್ಲಗೆ ತಿಳಿಸಿದ. ಬಾವಿಗೆ ಬಿದ್ದದ್ದು ಹೇಗೆ ಎಂದು ಕೇಳಿದ. ಅವನ ದನಿ ಅಷ್ಟು ಮೆತ್ತಗಾದದ್ದನ್ನು ಅವನೇ ಹಿಂದೆಂದೂ ಕೇಳಿರಲಿಲ್ಲ.

ಗೋದಾ ಹೇಳಿದರು. ಆಯುಧಪೂಜೆಯ ದಿನ. ಮಾರನೆಯ ಬೆಳಿಗ್ಗೆ ಎರಡನೆಯ ಪ್ರಯಾಣ. ಜಕ್ಕೂರಿನ ವಿಮಾನನೆಲೆಯ ಶೆಡ್ಡಿನಲ್ಲಿ ಬೆಳ್ಳಕ್ಕಿಗೆ ಪೂಜೆ. ಮೂತಿಗೆ ಗಂಧ, ರೆಕ್ಕೆಗೆ ಸೇವಂತಿಗೆ ಹಾರ, ಚಕ್ರದ ಅಡಿಗೆ ನಿಂಬೆಹಣ್ಣು. ಸ್ವಾಮಿಗಳಿಂದ ಮಂತ್ರಿಸಿ ತಂದ ಮೇಲುಕೋಟೆಯ ರೇಷ್ಮೆ ದಾರವನ್ನು ಒಳಗೆ ಕಟ್ಟುವುದೆಂದಾಗ, ಅತ್ತೆಯವರ ಕಣ್ಣಿಗೆ ಕಂಪಾಸಿನ ಬುಡದ ಕಡಗ ಬಿತ್ತು. ಅದು ಯಾರ ಮನೆಯದೆಂದು ವಿಚಾರಿಸಿದರು. ತಿಳಿದ ಮೇಲೆ, ದೇವರ ದಾರದ ಪಕ್ಕ ಅದು ಇರಕೂಡದು ಎಂದರು. ಕಡಗ ಹೊರಬಂತು, ದಾರ ಒಳಹೋಯಿತು. ದೃಷ್ಟಿಯ ಕಬ್ಬಿಣ ಕಾಲಿಗೆ ಸಿಗಬಾರದೆಂದು ಮನೆಗೆ ತಂದು ಬಾವಿಗೆ ಹಾಕಿದರು.

“ಆಂಜಿನಯ್ಯ ಎಲ್ಲಿದ್ದ?” ಎಂದು ಕೇಳಿದ ಮಾಯಣ್ಣ.

“ಶೆಡ್ಡಿನ ಹೊರಗೆ. ಪೂಜೆ ಹೊತ್ತಲ್ಲಿ ಅವನು ಒಳಗೆ ಬರ್ತಿರಲಿಲ್ಲ. ಪೂಜೆ ಆದ ಮೇಲೂ ವಿಮಾನ ಮುಟ್ಟಬೇಡ ಅಂದ್ರು ಅತ್ತೆ, ಹೊರಡೋವರೆಗೂ ಮಡೀಲಿರಲಿ ಅಂತ. ಪ್ರಸಾದ ಕಟ್ಟೆ ಮೇಲಿಟ್ಟು ಬಂದ್ವಿ.”

ಬಾಗಿಲಲ್ಲಿ ಯಶೋಧರಾ ಕಣ್ಣು ಮುಚ್ಚಿಕೊಂಡಳು.

ರಾಮಾನುಜ ಅಂಥದ್ದೆಲ್ಲ ನಂಬುವವನಲ್ಲ ಎಂದು ಗೋದಾ ತಾವೇ ಸೇರಿಸಿದರು. ಅಂಜಮ್ಮನ ಮನೆಯಲ್ಲಿ ಕೂತು ಮುದ್ದೆ ಉಂಡುಬರುತ್ತಿದ್ದ. ಆದರೆ ಆವತ್ತು ಅವನು ಪೆಟ್ರೋಲಿನ ಲೆಕ್ಕಕ್ಕೆ ಎಲ್ಲೋ ಹೋಗಿದ್ದ, ಬರುವಷ್ಟರಲ್ಲಿ ಪೂಜೆ ಮುಗಿದಿತ್ತು.

ತಿರುನಾರಾಯಣ ಎದ್ದರು. ಎದ್ದ ರಭಸಕ್ಕೆ ಗೋಡೆಯ ಮೇಲಿನ ಪೂರ್ವಜರೆಲ್ಲ ಚೌಕಟ್ಟಿನೊಳಗೆ ನೆಟ್ಟಗಾದರು. ಮಾಯಣ್ಣನ ಮೊಣಕೈ ಹಿಡಿದು ಜಗಲಿಗೆ ಕರೆತಂದರು. ಯಶೋಧರಾಳಿಗೂ ಕೇಳಿಸುವಂತೆ, ಆದರೆ ಒಳಗೆ ಕೇಳಿಸದಂತೆ ದನಿ ತಗ್ಗಿಸಿದರು.

“ನೀವು ಏನು ಕಂಡುಹಿಡಿದಿದೀರಿ ಅಂತ ನನಗೆ ಅರ್ಥ ಆಗಿದೆ. ನಾನೂ ಇಂಜಿನಿಯರು. ಬೋರ್ಡು ಇವತ್ತೇ ತೆಗಿಸ್ತೀನಿ. ಕಲ್ಲನ್ನೂ ಬದಲಾಯಿಸ್ತೀನಿ, ‘ತಾಂತ್ರಿಕ ಕಾರಣದಿಂದ’ ಅಂತ. ಮನ್ನಿಗೆ ಮಾತ್ರ ಹೇಳಬೇಡಿ.”

ಮಾಯಣ್ಣ ಯಶೋಧರಾಳ ಕಡೆ ನೋಡಿದ. ಅವಳು ಕೇಳಿದ್ದು ಇದೇ ತಾನೆ? ಬೋರ್ಡು ಹೋಗುತ್ತದೆ. ಭಾನುವಾರ ಅಪ್ಪನಿಗೆ ತೋರಿಸಲು ಒಂದು ಫೋಟೋ ಸಿಗುತ್ತದೆ. ಹೂಂ ಅಂದುಬಿಟ್ಟರೆ ಅವನೂ ಇಲ್ಲಿಂದ ಎದ್ದುಹೋಗಬಹುದು. ಮೊದಲ ಸಲ ಅವನಿಗೆ ಒಂದು ಕೇಸಿನಿಂದ ಎದ್ದುಹೋಗಬೇಕು ಅನ್ನಿಸುತ್ತಿತ್ತು.

“ತಾಂತ್ರಿಕ ಕಾರಣಕ್ಕೆ ನಮ್ಮಪ್ಪ ತಲೆ ತಗ್ಗಿಸಿದ್ದಲ್ಲ ಸಾರ್,” ಎಂದಳು ಯಶೋಧರಾ. “ನಾನು ಸ್ಕೂಲಿಗೆ ಹೋದಾಗ, ರಾಮಾನುಜರನ್ನ ಕೊಂದೋನ ಮಗಳು ಅಂತ ಬೆಂಚಿನಿಂದ ಎಬ್ಬಿಸಿದ್ರು. ಮನುಷ್ಯನ ಹೆಸರು ಹಾಳು ಮಾಡೋವಾಗ ತಪ್ಪು ಮನುಷ್ಯನದು ಅಂತಲೇ ಬರೆದ್ರಿ. ಸರಿಮಾಡೋವಾಗ ತಂತ್ರ ಯಾಕೆ?”

“ಮನ್ನಿಗೆ ಎಪ್ಪತ್ತು ದಾಟಿದೆಯಮ್ಮ.”

“ನಮ್ಮಪ್ಪನಿಗೂ ದಾಟಿದೆ.”

ಅಷ್ಟರಲ್ಲಿ ಒಳಗಿನ ಅವರೆಕಾಳಿನ ಸದ್ದು ನಿಂತಿದ್ದು ಮೂವರಿಗೂ ಒಟ್ಟಿಗೇ ಗೊತ್ತಾಯಿತು.

ಗೋದಾ ಹೊಸ್ತಿಲಲ್ಲಿ ನಿಂತಿದ್ದರು. ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದರು. ಇನ್ನೊಂದು ಕೈಯಲ್ಲಿ ಕಡಗವಿತ್ತು.

“ಮಾಯಣ್ಣನವರೇ, ಇದು ಅಲ್ಲೇ ಇದ್ದಿದ್ರೆ ಅವರು ವಾಪಸ್ ಬರ್ತಿದ್ರಾ?”

ಮಾಯಣ್ಣ ಸುಳ್ಳು ಹೇಳುವುದರಲ್ಲಿ ಗಂಡಭೇರುಂಡ. ತಹಶೀಲ್ದಾರನೆಂದು ಹೇಳಿಕೊಂಡು ಮದುವೆಮನೆಯ ಊಟಕ್ಕೆ ಹೋಗಿ ವರನ ಕಡೆಯವರಿಂದ ಆರತಿ ಮಾಡಿಸಿಕೊಂಡು ಬಂದವನು. ಅವನ ಹೊಟ್ಟೆಯಲ್ಲಿ ಸುಳ್ಳುಗಳು ಸಂತೆಯ ಮೂಟೆಗಳಂತೆ ಅಡಕಿಲಾಗಿ ಬಿದ್ದಿರುತ್ತವೆ, ಬೇಕಾದ್ದನ್ನು ಎಳೆದುಕೊಂಡರಾಯಿತು. ಈಗ ಒಂದೊಂದನ್ನೇ ಮುಟ್ಟಿ ನೋಡಿದ. ಯಾವುದೂ ಕೈಗೆ ಬರಲಿಲ್ಲ.

“ಗಾಳಿ, ಮೋಡ, ಇನ್ನೂ ಎಷ್ಟೋ ಇರುತ್ತಮ್ಮ,” ಎಂದ. “ಹೀಗೇ ಅಂತ ಹೇಳೋಕಾಗಲ್ಲ.”

“ಕಂಪಾಸು ಸರಿ ಇರ್ತಿತ್ತಾ?”

“ಇರ್ತಿತ್ತು.”

ಗೋದಾ ತಲೆಯಾಡಿಸಿದರು. ಅಂಗೈ ಬಿಡಿಸಿ ಕಡಗವನ್ನು ನೋಡಿದರು. ಆಮೇಲೆ ಅದನ್ನು ಹಿಡಿದಿದ್ದ ಕೈಯನ್ನು ನೋಡಿದರು.

“ಆ ಸಂದಿಗೆ ಯಾರ ಕೈಯೂ ಹೋಗಲಿಲ್ಲ,” ಎಂದರು. “ನಿನ್ನ ಕೈ ಸಣ್ಣದು ಗೋದಾ, ನೀನು ತೆಗಿ ಅಂದ್ರು ಅತ್ತೆ. ತೆಗೆದೆ. ಗೀರಿ ರಕ್ತ ಬಂತು. ಹೊರಡೋ ಹೊತ್ತಲ್ಲಿ ಅಪಶಕುನ ಬೇಡ, ಅವರಿಗೆ ಒಳ್ಳೇದಾಗಲಿ ಅಂತ ಅದನ್ನೂ ಹೇಳಲಿಲ್ಲ.”

ಬಸವನಗುಡಿಯ ಬೀದಿಯಲ್ಲಿ ಆ ಗಳಿಗೆಯಲ್ಲಿ ಒಂದೂ ಹಾರನ್ನು ಕೂಗಲಿಲ್ಲ ಎಂದರೆ ಯಾರೂ ನಂಬಲಾರರು. ಕೂಗಲಿಲ್ಲ.

ಯಶೋಧರಾ ಐವತ್ತು ವರ್ಷದ ಋಣ ವಸೂಲಿಗೆ ಬಂದವಳು. ಈ ಒಂದು ಮಾತಿಗಾಗಿ ಅವಳು ಪತ್ತೇದಾರನನ್ನು ಹಿಡಿದಿದ್ದಳು, ರಜೆ ಹಾಕಿದ್ದಳು, ಅಪ್ಪನ ಬಾಯಿ ಬಿಡಿಸಲು ನೋಡಿದ್ದಳು. ಮಾತು ಸಿಕ್ಕಿತ್ತು. ಅವಳು ಮುಂದೆ ಬಂದು ಗೋದಾ ಅವರ ಮೊಣಕೈ ಹಿಡಿದುಕೊಂಡಳು, ಬೀಳದಿರಲಿ ಎಂದು. ಹಾಗೆ ಹಿಡಿಯುವಾಗ ತಾನು ಆ ಮನೆಯ ಹೊಸ್ತಿಲು ದಾಟಿದ್ದು ಅವಳಿಗೆ ತಿಳಿದಂತೆ ಕಾಣಲಿಲ್ಲ.

“ನಿಮಗೆ ಗೊತ್ತಿರಲಿಲ್ಲ,” ಎಂದಳು.

“ನಿಮ್ಮಪ್ಪನಿಗೆ?”

“ಏನು?”

“ಕಡಗ ಹೋಗಿದ್ದು ನಿಮ್ಮಪ್ಪನಿಗೆ ಗೊತ್ತಾಗಲಿಲ್ವಾ? ಮುಟ್ಟೋ ಹಾಗಿರಲಿಲ್ಲ, ಸರಿ. ಗಾಜಿನಾಚೆಯಿಂದ ನೋಡಿದ್ರೂ ಕಾಣ್ತಿತ್ತು. ಅವನ ಕಣ್ಣು ಅಂಥದ್ದು.”

ಗೋದಾ ಅವರ ಮುಖದ ಮೇಲೆ ಒಂದು ನೆನಪು ನಿಧಾನವಾಗಿ ಹತ್ತಿ ಬರುತ್ತಿತ್ತು. ಮಾಯಣ್ಣ ಅದನ್ನು ನೋಡುತ್ತ ನಿಂತ, ಅವನ ಎಡಮೀಸೆಯ ತುದಿ ಇವತ್ತು ಮೊದಲ ಸಲ ಅಲುಗಿತು.

“ಹೊರಡೋ ಬೆಳಿಗ್ಗೆ ಅವನು ನಿನ್ನ ಹತ್ರ ಬಂದ ನಾಣಿ,” ಎಂದರು. “ನಾನು ಕಾರಲ್ಲಿ ಕೂತಿದ್ದೆ. ಕೈ ಮುಗಿದು ನಿಂತು ಏನೋ ಹೇಳ್ತಿದ್ದ. ಸಂಬಳ ಕೇಳ್ತಿದಾನೆ ಅಂದುಕೊಂಡೆ. ಏನು ಹೇಳ್ದ?”

ತಿರುನಾರಾಯಣ ಜಗಲಿಯ ಕಂಬ ಹಿಡಿದುಕೊಂಡರು.

“ನಾಣಿ.”

“ಕಂಪಾಸು ಮತ್ತೆ ಹೊಂದಿಸಬೇಕು ಅಂದ.” ಉಕ್ಕಿನ ಬೆನ್ನು ಈಗ ಸ್ವಲ್ಪ ಬಾಗಿತ್ತು. “ಅರ್ಧ ದಿನ ಬೇಕು ಅಂದ. ಅಮ್ಮ ಮುಹೂರ್ತ ಇಡಿಸಿದ್ರು, ಪತ್ರಿಕೆಯವರು ಬಂದಿದ್ರು, ಜನ ಬಂದಿದ್ರು.”

“ಮುಚ್ಚಿಟ್ಟೆಯಾ?”

“ಇಲ್ಲ. ಮನ್ನಿ, ಇಲ್ಲ. ಅಣ್ಣನಿಗೆ ಹೇಳ್ದೆ. ಆ ಕ್ಷಣವೇ ಹೋಗಿ ಹೇಳ್ದೆ. ಕಡಗ ತೆಗೆದಿದ್ದು ಯಾರು ಅಂತ ಕೇಳ್ದ, ನೀವು ಅಂತಾನೂ ಹೇಳ್ದೆ. ಅಣ್ಣ ನಕ್ಕ. ಈಗ ನಿಲ್ಲಿಸಿದ್ರೆ ನೂರು ಜನ ನೂರು ಕೇಳ್ತಾರೆ, ಗೋದಾ ಮುಖ ಎಲ್ಲಿ ಇಟ್ಕೋತಾಳೆ, ನಾನು ಲೆಕ್ಕ ಹಾಕಿ ಸಂಭಾಳಿಸ್ಕೋತೀನಿ ಅಂದ.” ಅವರು ತುಟಿ ಒದ್ದೆಮಾಡಿಕೊಂಡರು. “ಅಣ್ಣ ಗೊತ್ತಿದ್ದೇ ಹಾರಿದ. ಅದನ್ನ ನಿಮಗೆ ಹೇಗೆ ಹೇಳಲಿ? ಅದಕ್ಕೇ ಆ ಕಲ್ಲು. ಅದಕ್ಕೇ ಆಂಜಿನಯ್ಯ.”

ಮಾಯಣ್ಣ ಅವರನ್ನೇ ನೋಡುತ್ತಿದ್ದ. ಮಂಗಳೂರಿನವರೆಗೂ ಹೊಳೆ, ರೈಲುಕಂಬಿ ನೋಡಿಕೊಂಡು ಹೋಗಬಹುದು. ಸಮುದ್ರದ ಮೇಲೆ ಬಿಲ್ಲೆಯೊಂದೇ ಗತಿ. ಅದು ತಪ್ಪೆಂದು ಗೊತ್ತಿರುವವನು ಹಾರುತ್ತಾನೆಯೇ? ಇಪ್ಪತ್ತರ ಹೆಂಡತಿ ನಾಚಿಕೆಪಡಬಾರದೆಂದು? ನಿಜವಾಗಿದ್ದರೆ ಇದಕ್ಕಿಂತ ದೊಡ್ಡ ಪ್ರೀತಿ ಅವನು ಕೇಳಿರಲಿಲ್ಲ. ಸುಳ್ಳಾಗಿದ್ದರೆ ಇದಕ್ಕಿಂತ ಕೆಟ್ಟ ಸುಳ್ಳನ್ನೂ ಕೇಳಿರಲಿಲ್ಲ. ಸುಳ್ಳಿನ ಮೂಟೆಗಳ ಒಡೆಯನಾದ ಅವನಿಗೇ ಇದರ ತೂಕ ತಿಳಿಯಲಿಲ್ಲ.

ಇದಕ್ಕೆ ಯಾರಾದರೂ ಸಾಕ್ಷಿ ಇದ್ದಾರೆಯೇ ಎಂದು ಕೇಳಿದ.

“ಆಂಜಿನಯ್ಯ,” ಎಂದರು ತಿರುನಾರಾಯಣ. “ಹತ್ತೋಕೆ ಮುಂಚೆ ಅಣ್ಣ ಅವನ ಹೆಗಲ ಮೇಲೆ ಕೈ ಹಾಕಿ ಏನೋ ಹೇಳ್ದ. ಜಕ್ಕೂರಲ್ಲಿ ಸಾವಿರ ಜನ ನೋಡಿದಾರೆ.”

“ನಾನೂ ನೋಡಿದೀನಿ,” ಎಂದರು ಗೋದಾ.

ಆಮೇಲೆ ಅವರು ಯಶೋಧರಾಳ ಕಡೆ ತಿರುಗಿದರು. ಇನ್ನೂ ಅವಳ ಕೈ ಅವರ ಮೊಣಕೈ ಮೇಲಿತ್ತು. ನಿಮ್ಮಪ್ಪನ ಜೊತೆ ಮಾತಾಡಬೇಕು ಎಂದರು. ಯಶೋಧರಾ ಹಿಂದೆ ಮುಂದೆ ನೋಡಿದಳು. ಅಪ್ಪನಿಗೆ ಉಸಿರು ಸಾಲುವುದಿಲ್ಲ, ಒಂದೆರಡು ಮಾತಿಗೇ ಸುಸ್ತಾಗುತ್ತದೆ ಎಂದಳು. ಒಂದೇ ಮಾತು ಸಾಕು ಎಂದರು ಗೋದಾ.

ಅವಳು ಮನೆಗೆ ಫೋನು ಹಚ್ಚಿದಳು. ಎತ್ತಿದ್ದು ಅವಳ ಗಂಡ ನಂದೀಶ್. ಫೋನನ್ನು ಮಾವನ ಕಿವಿಯ ಹತ್ತಿರ ಇಡಲು ಹೇಳಿದಳು. ಆಮೇಲೆ ಸ್ಪೀಕರು ಹಾಕಿ ಗೋದಾ ಅವರ ಮುಂದೆ ಹಿಡಿದಳು. ಆಮ್ಲಜನಕದ ಯಂತ್ರ ಬುಸುಗುಟ್ಟುವುದು ಜಗಲಿಯ ತುಂಬ ಕೇಳಿಸಿತು.

“ಆಂಜಿನಯ್ಯ, ನಾನು ಗೋದಾ.”

ಉಸಿರು ಒಂದು ಸಲ ಎಳೆಯಿತು. ಇನ್ನೊಂದು ಸಲ.

“ಅಮ್ಮಾವ್ರೇ.”

“ಕಡಗದ ವಿಷಯ ಗೊತ್ತಾಯ್ತು. ನೀನು ನನಗೋಸ್ಕರ ಬಾಯಿ ಮುಚ್ಚಿಕೊಂಡಿದ್ದೂ ಗೊತ್ತಾಯ್ತು. ಇನ್ನು ಬೇಡಪ್ಪ. ಆವತ್ತು ಹೊರಡೋವಾಗ ಅವರು ನಿನ್ನ ಹೆಗಲ ಮೇಲೆ ಕೈಯಿಟ್ಟು ಏನು ಹೇಳಿದ್ರು?”

ಯಂತ್ರ ಬುಸುಗುಟ್ಟಿತು. ತಿರುನಾರಾಯಣ ಫೋನನ್ನು ನೋಡುತ್ತಿರಲಿಲ್ಲ, ಗೇಟಿನ ಕಡೆ ನೋಡುತ್ತಿದ್ದರು.

“ಅಮ್ಮಾವ್ರೇ,” ಎಂದ ಆಂಜಿನಯ್ಯ, ಒಂದೊಂದೇ ಮಾತನ್ನು ಬಾವಿಯಿಂದ ಸೇದುವಂತೆ. “ಚಿಕ್ಕ ಸಾರು… ಅಲ್ಲೇ ಇದಾರಾ?”

“ನಾಣಿನಾ? ಇದಾನೆ. ಇಲ್ಲೇ ನಿಂತಿದಾನೆ.”



“ಹಂಗಾದ್ರೆ ಫೋನ್ ಇಡಿ ಅಮ್ಮಾವ್ರೇ,” ಎಂದ ಆಂಜಿನಯ್ಯ. “ಒಳಗೆ ಹೋಗಿ ಬಾಗಿಲು ಹಾಕ್ಕೊಳ್ಳಿ, ಚಿಕ್ಕ ಸಾರು ಹೊರಗೇ ಇರ್ಲಿ. ನನ್ನ ಮಗಳನ್ನೂ ಒಳಗೆ ಕರ್ಕೊಳ್ಳಿ.”